ಅಕ್ಷರದಿಂದ ಅಬ್ಬರಕ್ಕೆ

ಇಂಗ್ಲಿಷಿನ ‘ಲಿಟರಲಿ’ ಕೆಟ್ಟುಹೋಯಿತೆಂದು ದೂರುವವರು ಹಿಂದೆಯೂ ಇದ್ದರು, ಇಂದೂ ಇದ್ದಾರೆ. ಆ ಪದದ ಚರಿತ್ರೆ ಮಾತ್ರ ಬೇರೆಯದೇ ಕತೆ ಹೇಳುತ್ತದೆ. ನಮ್ಮ ‘ಅಕ್ಷರಶಃ’ವೂ ಆ ಕತೆಯಲ್ಲಿ ಪಾಲುದಾರ.

ಜೇಮ್ಸ್ ಜಾಯ್ಸ್ ಅವರ ‘ದ ಡೆಡ್’ ಕತೆ ಶುರುವಾಗುವುದು ಡಬ್ಲಿನ್ ನಗರದ ಒಂದು ಮನೆಯ ಬಾಗಿಲಲ್ಲಿ. ವಯಸ್ಸಾದ ಇಬ್ಬರು ಅಕ್ಕತಂಗಿಯರು ಪ್ರತಿ ಚಳಿಗಾಲ ಕೊಡುವ ಔತಣ ಅದು. ಬಾಗಿಲ ಗಂಟೆ ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿದೆ. ಮನೆ ಕಾಯುವವನ ಮಗಳು ಲಿಲಿ ಒಬ್ಬ ಅತಿಥಿಯ ಕೋಟು ತೆಗೆದಿಡುವಷ್ಟರಲ್ಲಿ ಇನ್ನೊಬ್ಬರು ಬಂದು ನಿಲ್ಲುತ್ತಾರೆ. ಅವಳ ಪಾಡು ಹೇಳಲು ಜಾಯ್ಸ್ ಬಳಸುವ ಇಂಗ್ಲಿಷ್ ನುಡಿಗಟ್ಟು, ನಮ್ಮ ‘ಓಡಿ ಓಡಿ ಕಾಲು ಬಿದ್ದುಹೋಯಿತು’ ಎನ್ನುವುದಕ್ಕೆ ಹತ್ತಿರದ್ದು. ಅದರ ಜೊತೆಗೆ ಅವರು ‘ಲಿಟರಲಿ’ ಎಂಬ ಪದವನ್ನೂ ಇಡುತ್ತಾರೆ. ಅಕ್ಷರಕ್ಕೆ ಅಕ್ಷರ, ಇದ್ದದ್ದು ಇದ್ದಂತೆ ಎಂಬ ಅರ್ಥದ ಪದ.

ಲಿಲಿಯ ಕಾಲು ಬಿದ್ದಿಲ್ಲ ಎಂಬುದು ಜಾಯ್ಸ್‌ಗೂ ಗೊತ್ತು, ಓದುಗರಿಗೂ ಗೊತ್ತು. ಹಾಗಿದ್ದರೆ ಒಂದೊಂದು ಪದವನ್ನೂ ತೂಗಿ ಇಡುತ್ತಿದ್ದ ಲೇಖಕ ಕತೆಯ ಮೊದಲ ವಾಕ್ಯದಲ್ಲೇ ಎಡವಿದರೇ? ಕೆನಡಾದ ವಿಮರ್ಶಕ ಹ್ಯೂ ಕೆನ್ನರ್ 1978ರ ‘ಜಾಯ್ಸಸ್ ವಾಯ್ಸಸ್’ ಪುಸ್ತಕದಲ್ಲಿ ಇದಕ್ಕೆ ಉತ್ತರ ಕೊಟ್ಟರು. ವಾಕ್ಯ ನಿರೂಪಕನದೇ ಆದರೂ ಅದರೊಳಗಿನ ಮಾತು ಲಿಲಿಯದು. ಯಾರಾದರೂ ಕೇಳಿದ್ದರೆ ಆ ಹುಡುಗಿ ತನ್ನ ದಣಿವನ್ನು ಹೀಗೆಯೇ ಹೇಳುತ್ತಿದ್ದಳು. ಒಂದೇ ಒಂದು ಕ್ರಿಯಾವಿಶೇಷಣದಿಂದ ಜಾಯ್ಸ್ ನಮ್ಮನ್ನು ಅವಳ ಪಕ್ಕದಲ್ಲಿ ತಂದು ನಿಲ್ಲಿಸಿದ್ದಾರೆ.

ಆ ಕತೆಯಿದ್ದ ‘ಡಬ್ಲಿನರ್ಸ್’ ಸಂಕಲನ ಬಂದದ್ದು 1914ರಲ್ಲಿ. ಇಂದಿಗೂ ಇದೇ ಬಳಕೆಯನ್ನು ‘ಭಾಷೆ ಕೆಟ್ಟುಹೋಯಿತು’ ಎಂಬುದಕ್ಕೆ ಮೊದಲ ಸಾಕ್ಷಿಯಾಗಿ ತೋರಿಸುವವರಿದ್ದಾರೆ. 2013ರ ಆಗಸ್ಟ್‌ನಲ್ಲಿ, ಆಕ್ಸ್‌ಫರ್ಡ್ ನಿಘಂಟು ‘ಲಿಟರಲಿ’ಯ ಒತ್ತಿನ ಅರ್ಥವನ್ನು ಒಪ್ಪಿಕೊಂಡಿದೆ ಎಂಬ ಸುದ್ದಿ ಇಂಗ್ಲಿಷ್ ಪತ್ರಿಕೆಗಳಲ್ಲಿ ಹರಡಿ ದೊಡ್ಡ ಗದ್ದಲವಾಯಿತು. ನಿಘಂಟಿನವರು ಆ ನಮೂದನ್ನು ಪರಿಷ್ಕರಿಸಿದ್ದು 2011ರಲ್ಲೇ. ಎರಡು ವರ್ಷ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. 2018ರಲ್ಲಿ ನ್ಯೂಯಾರ್ಕಿನ ಬಾರೊಂದು, ಈ ಪದ ಬಾಯಿಂದ ಬಂದರೆ ಕೈಲಿರುವ ಗ್ಲಾಸು ಮುಗಿಸಿ ಹೊರಡಬೇಕೆಂದು ಫಲಕವನ್ನೇ ಹಾಕಿತು. ಒಂದು ಪದದ ಮೇಲೆ ಇಷ್ಟು ಸಿಟ್ಟು ಏಕೆ ಎಂದು ತಿಳಿಯಲು ಅದು ಹುಟ್ಟಿದ ಜಾಗಕ್ಕೆ ಹೋಗಬೇಕು.

ಧರ್ಮಗ್ರಂಥದ ಅಂಗಳದಲ್ಲಿ

ಲ್ಯಾಟಿನ್‌ನಲ್ಲಿ ‘ಲಿಟ್ಟೆರಾ’ ಎಂದರೆ ಅಕ್ಷರ. ‘ಲೆಟರ್’, ‘ಲಿಟರೇಚರ್’, ‘ಲಿಟರೇಟ್’ ಎಲ್ಲವೂ ಆ ಬೇರಿನವೇ. ‘ಲಿಟರಲ್’ ಇಂಗ್ಲಿಷಿಗೆ ಬಂದಾಗ ಅದು ಬೀದಿಯ ಮಾತಾಗಿರಲಿಲ್ಲ, ಬೈಬಲ್ ವ್ಯಾಖ್ಯಾನಕಾರರ ಪರಿಭಾಷೆಯಾಗಿತ್ತು. ಮಧ್ಯಯುಗದ ಕ್ರೈಸ್ತ ಪಂಡಿತರು ಧರ್ಮಗ್ರಂಥದ ಮಾತಿಗೆ ನಾಲ್ಕು ಪದರದ ಅರ್ಥ ಹೇಳುತ್ತಿದ್ದರು: ಅಕ್ಷರಾರ್ಥ, ರೂಪಕಾರ್ಥ, ನೀತಿಯ ಅರ್ಥ, ಪರಲೋಕವನ್ನು ಸೂಚಿಸುವ ಅರ್ಥ. ಜೆರುಸಲೇಮ್ ಎಂದರೆ ಮೊದಲ ಅರ್ಥದಲ್ಲಿ ನೆಲದ ಮೇಲಿರುವ ಊರು, ಕೊನೆಯ ಅರ್ಥದಲ್ಲಿ ಸ್ವರ್ಗದ ನಗರ.

ಯಾವ ಅರ್ಥ ಮುಖ್ಯ ಎಂಬುದು ಜೀವಕ್ಕೆ ಎರವಾಗುವಂಥ ಪ್ರಶ್ನೆಯಾಗಿದ್ದ ಕಾಲ ಅದು. ಬೈಬಲನ್ನು ಇಂಗ್ಲಿಷಿಗೆ ತಂದ ವಿಲಿಯಂ ಟಿಂಡೇಲ್, 1528ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಧರ್ಮಗ್ರಂಥಕ್ಕೆ ಇರುವುದು ಒಂದೇ ಅರ್ಥ, ಅದು ಅಕ್ಷರಾರ್ಥ ಎಂದು ವಾದಿಸಿದರು. ಬೈಬಲಿನಲ್ಲಿ ಉಪಮೆ, ಒಗಟು, ಗಾದೆಗಳಿವೆ ಎಂಬುದನ್ನು ಅವರೂ ಅಲ್ಲಗಳೆಯಲಿಲ್ಲ. ಉಪಮೆ ಹೇಳಹೊರಟದ್ದು ಏನೋ ಅದೇ ಅದರ ಅಕ್ಷರಾರ್ಥ ಎಂಬುದು ಅವರ ನಿಲುವು. ನೇಗಿಲು ಹಿಡಿದವನಿಗೂ ದೇವರ ಮಾತು ನೇರವಾಗಿ ತಿಳಿಯಬೇಕೆಂದು ಹಂಬಲಿಸಿದ ಟಿಂಡೇಲ್, 1536ರಲ್ಲಿ ಮರಣದಂಡನೆಗೆ ಗುರಿಯಾದರು. ‘ಲಿಟರಲಿ’ಯ ಬೆನ್ನ ಹಿಂದೆ ಇಷ್ಟು ಗಂಭೀರವಾದ ಚರಿತ್ರೆಯಿದೆ. ಮಾತನ್ನು ನಂಬಬಹುದು, ಬರೆದದ್ದರ ಮೇಲೆ ಭಾರ ಹಾಕಿ ನಿಲ್ಲಬಹುದು ಎಂಬ ಭರವಸೆ ಅದರೊಳಗಿದೆ. ಮುಂದೆ ಈ ಪದ ಒತ್ತಿನ ಪದವಾಗಲು ಆ ಭರವಸೆಯೇ ಬಂಡವಾಳವಾಯಿತು.

ಬದಲಾವಣೆ ಒಂದೇ ಜಿಗಿತದಲ್ಲಿ ಆಗಲಿಲ್ಲ. ಮೊದಮೊದಲು ‘ಲಿಟರಲಿ’ ಎಂದರೆ ಪದಕ್ಕೆ ಪದ ಎಂದಷ್ಟೇ. ಅನುವಾದಕನೊಬ್ಬ ಮೂಲವನ್ನು ಹಾಗೆ ಅನುವಾದಿಸಬಹುದು, ಓದುಗನೊಬ್ಬ ಆಜ್ಞೆಯನ್ನು ಹಾಗೆ ಗ್ರಹಿಸಬಹುದು. ಎರಡನೇ ಹಂತದಲ್ಲಿ ಅದು ನಿಜವಾದ ಸಂಗತಿಗೇ ಒತ್ತು ಕೊಡಲು ಬಂತು. ಕವಿ ಜಾನ್ ಡ್ರೈಡನ್ 1687ರ ‘ದ ಹೈಂಡ್ ಅಂಡ್ ದ ಪ್ಯಾಂಥರ್’ ಕಾವ್ಯದಲ್ಲಿ, ದಿನದ ಅನ್ನವನ್ನು ಬೇಡಿಯೇ ಪಡೆಯುವ ಸ್ಥಿತಿಯನ್ನು ಹೇಳುವಾಗ ಈ ಪದವನ್ನು ಬಳಸಿದರು. ಅಲ್ಲಿ ಉತ್ಪ್ರೇಕ್ಷೆಯಿಲ್ಲ. ‘ಬರಿಯ ಮಾತಿಗೆ ಹೇಳುತ್ತಿಲ್ಲ, ಇರುವುದೇ ಹಾಗೆ’ ಎಂಬ ಒತ್ತು ಇದೆ. ಮೂರನೇ ಹಂತಕ್ಕೆ ಅಲ್ಲಿಂದ ಒಂದೇ ಹೆಜ್ಜೆ. ನಿಜಕ್ಕೆ ಒತ್ತು ಕೊಡುವ ಪದ, ನಿಜದಷ್ಟೇ ತೀವ್ರವಾಗಿ ಅನ್ನಿಸಿದ್ದಕ್ಕೂ ಒತ್ತು ಕೊಡತೊಡಗಿತು.

ಕಾದಂಬರಿಕಾರರ ಕೈಯಲ್ಲಿ

ಆ ಮೂರನೇ ಹಂತಕ್ಕೆ ಸಾಮಾನ್ಯವಾಗಿ ತೋರಿಸುವ ಹಳೆಯ ಉದಾಹರಣೆ ಫ್ರಾನ್ಸಿಸ್ ಬ್ರೂಕ್ ಅವರ ‘ದ ಹಿಸ್ಟರಿ ಆಫ್ ಎಮಿಲಿ ಮಾಂಟಗ್ಯು’. ಇಂಗ್ಲೆಂಡಿನ ಬ್ರೂಕ್ ಕೆನಡಾದ ಕ್ವಿಬೆಕ್‌ನಲ್ಲಿ ಕೆಲವು ವರ್ಷ ಇದ್ದರು. ಪತ್ರಗಳ ರೂಪದ ಈ ಕಾದಂಬರಿ 1769ರಲ್ಲಿ ಹೊರಬಂತು. ಊರಿಗೆ ಬರುತ್ತಲೇ ಅಷ್ಟೊಂದು ಚೆಲುವೆಯರ ಪರಿಚಯವಾದ ಗಂಡಸಿನ ಅದೃಷ್ಟವನ್ನು ಅದರ ಒಂದು ಪತ್ರ ಬಣ್ಣಿಸುತ್ತದೆ. ಲಿಲಿ ಹೂಗಳ ನಡುವೆ ಮೇಯುವ, ಬೈಬಲಿನ ಪ್ರೇಮಗೀತೆಯಿಂದ ಬಂದ ಚಿತ್ರವೊಂದು ಅಲ್ಲಿದೆ. ಅದರ ಮುಂದೆ ‘ಲಿಟರಲಿ’ ಇದೆ.

ಅಲ್ಲಿಂದಾಚೆಗೆ ದೊಡ್ಡ ದೊಡ್ಡ ಹೆಸರುಗಳೇ ಸಿಗುತ್ತವೆ. ಚಾರ್ಲ್ಸ್ ಡಿಕನ್ಸ್ ಅವರ ‘ನಿಕೊಲಸ್ ನಿಕಲ್ಬಿ’ 1838–39ರಲ್ಲಿ ಕಂತುಗಳಾಗಿ ಬಂದ ಕಾದಂಬರಿ. ಅದರ ಸ್ಕ್ವಿಯರ್ಸ್ ಎಂಬ ಕ್ರೂರ ಶಾಲಾಮಾಸ್ತರ, ಓಡಿಹೋಗಿ ಸಿಕ್ಕಿಬಿದ್ದ ಸ್ಮೈಕ್ ಎಂಬ ಬಡಪಾಯಿ ಹುಡುಗನನ್ನು ಸುಮ್ಮನೆ ನಿಂತು ನೋಡುತ್ತಾನೆ. ಹೊಡೆಯುವ ಮುಂಚಿನ ಆ ನೋಟವನ್ನು ಡಿಕನ್ಸ್ ಕಣ್ಣಿಗೆ ಹಬ್ಬವೆಂಬ ಮಾತಿನಲ್ಲಿ ಹೇಳಿ, ‘ಲಿಟರಲಿ’ ಎಂದು ಸೇರಿಸುತ್ತಾರೆ. ಆ ಒಂದು ಪದದಿಂದ ‘ಕಣ್ಣಿಗೆ ಹಬ್ಬ’ ಎಂಬ ಸವೆದ ಮಾತು ಮತ್ತೆ ಹಲ್ಲು ಮಸೆಯುತ್ತದೆ. ಆ ಮನುಷ್ಯ ಹುಡುಗನನ್ನು ತಿಂದೇಬಿಡುವಂತೆ ನೋಡುತ್ತಿದ್ದಾನೆ ಎಂಬುದು ನಮಗೆ ತಟ್ಟುತ್ತದೆ.

ಮಾರ್ಕ್ ಟ್ವೇನ್ ಅವರ ‘ಟಾಮ್ ಸಾಯರ್’ 1876ರದ್ದು. ಬೇಲಿಗೆ ಸುಣ್ಣ ಬಳಿಯುವ ಶಿಕ್ಷೆಯನ್ನೇ ಊರಿನ ಹುಡುಗರಿಗೆ ಮಾರಿದ ಟಾಮ್, ಮಧ್ಯಾಹ್ನದ ಹೊತ್ತಿಗೆ ಗಾಳಿಪಟ, ಗೋಲಿ, ಸೀಮೆಸುಣ್ಣದ ಚೂರುಗಳ ಒಡೆಯನಾಗಿರುತ್ತಾನೆ. ಅವನು ‘ಲಿಟರಲಿ’ ಸಂಪತ್ತಿನಲ್ಲಿ ಹೊರಳಾಡುತ್ತಿದ್ದ ಎನ್ನುತ್ತಾರೆ ಟ್ವೇನ್. ಹುಡುಗನೊಬ್ಬನ ಕಣ್ಣಿನಲ್ಲಿ ಆ ಗುಜರಿ ನಿಜಕ್ಕೂ ಕುಬೇರನ ಖಜಾನೆ. ಸ್ಕಾಟ್ ಫಿಟ್ಜ್‌ಜೆರಾಲ್ಡ್ 1925ರ ‘ದ ಗ್ರೇಟ್ ಗ್ಯಾಟ್ಸ್‌ಬಿ’ಯಲ್ಲಿ, ಬಹುಕಾಲದ ಮೇಲೆ ತನ್ನ ಹಳೆಯ ಪ್ರೇಯಸಿ ಡೇಸಿಯನ್ನು ಕಂಡ ನಾಯಕ ಬೆಳಗುತ್ತಿದ್ದುದನ್ನು ಹೇಳಲು ಇದೇ ಪದವನ್ನು ಹಿಡಿದರು.

ಕೈ ಕುದುರಿದ ಲೇಖಕರು ಇವರು. ಇವರಲ್ಲಿ ಯಾರಿಗೂ ವ್ಯಾಕರಣ ಹೇಳಿಕೊಡಬೇಕಾಗಿರಲಿಲ್ಲ. ‘ಈಗಿನ ಹುಡುಗರು ಹಾಳುಮಾಡಿದ ಪದ’ ಎಂಬ ದೂರು ಚರಿತ್ರೆಯ ಮುಂದೆ ನಿಲ್ಲುವುದಿಲ್ಲ. ಈ ಬಳಕೆಗೆ ಎರಡೂವರೆ ಶತಮಾನ ದಾಟಿದೆ.

ಕಾವಲು ನಿಂತವರು

ಹಾಗೆಂದು ವಿರೋಧಿಸಿದವರ ಮಾತನ್ನು ತಳ್ಳಿಹಾಕುವಂತಿಲ್ಲ. ಅಮೆರಿಕದ ಲೇಖಕ ಆಂಬ್ರೋಸ್ ಬಿಯರ್ಸ್ 1909ರಲ್ಲಿ ಬರವಣಿಗೆಯ ತಪ್ಪುಗಳನ್ನು ಪಟ್ಟಿ ಮಾಡಿದ ‘ರೈಟ್ ಇಟ್ ರೈಟ್’ ಎಂಬ ಪುಟ್ಟ ಪುಸ್ತಕ ತಂದರು. ಉತ್ಪ್ರೇಕ್ಷೆಯೇ ಒಂದು ದೋಷ. ಅದರ ಮೇಲೆ ‘ಇದು ನಿಜ’ ಎಂಬ ಮುದ್ರೆಯನ್ನೂ ಒತ್ತುವುದು ಸಹಿಸಲಾಗದ್ದು ಎಂಬುದು ಅವರ ಆಕ್ಷೇಪದ ಸಾರ. 1926ರಲ್ಲಿ ಬಂದ ಹೆನ್ರಿ ಫೌಲರ್ ಅವರ, ಇಂಗ್ಲಿಷ್ ಬಳಕೆಯ ಪ್ರಸಿದ್ಧ ಕೈಪಿಡಿಯೂ ಈ ಬಳಕೆಯನ್ನು ಖಂಡಿಸಿತು. ಬಿಯರ್ಸ್ ಪುಸ್ತಕ ಬಂದ 1909ರಲ್ಲೇ ಅಮೆರಿಕದ ವೆಬ್‌ಸ್ಟರ್ ಬೃಹತ್ ನಿಘಂಟು ‘ಲಿಟರಲಿ’ಯ ಉತ್ಪ್ರೇಕ್ಷೆಯ ಅರ್ಥವನ್ನು ದಾಖಲಿಸಿತು. ಒಂದೇ ವರ್ಷ ಒಬ್ಬರು ಹೀಗೆ ಹೇಳಬೇಡಿ ಎಂದರು, ಇನ್ನೊಬ್ಬರು ಜನ ಹೀಗೆ ಹೇಳುತ್ತಿದ್ದಾರೆ ಎಂದು ಬರೆದಿಟ್ಟರು. ಒಬ್ಬರದು ಶೈಲಿಯ ಸಲಹೆ, ಇನ್ನೊಬ್ಬರದು ಬಳಕೆಯ ದಾಖಲೆ. ನಿಘಂಟಿನಲ್ಲಿ ಅರ್ಥವೊಂದು ಸೇರಿತೆಂದರೆ ಅದಕ್ಕೆ ಪ್ರಶಸ್ತಿ ಸಿಕ್ಕಂತೆ ಎಂದು ಭಾವಿಸುವುದರಿಂದಲೇ 2013ರಂಥ ಗದ್ದಲಗಳು ಏಳುತ್ತವೆ.

ಆಕ್ಸ್‌ಫರ್ಡ್ ನಿಘಂಟಿನ ಮೊದಲ ಆವೃತ್ತಿಯಲ್ಲಿ ‘ಎಲ್’ ಅಕ್ಷರದ ಭಾಗವನ್ನು ಸಂಪಾದಿಸಿದವರು ಹೆನ್ರಿ ಬ್ರಾಡ್ಲಿ. 1903ರಷ್ಟು ಹಿಂದೆಯೇ ಅದರಲ್ಲಿ ಈ ಬಳಕೆಯ ಬಗ್ಗೆ ಟಿಪ್ಪಣಿಯಿತ್ತು. ಅದು ಇದನ್ನು ಸರಿಯಲ್ಲವೆಂದು ಕರೆಯಿತು, ಆದರೆ ಬಳಕೆಯ ಹುರುಳನ್ನು ಮಾತ್ರ ಚೆನ್ನಾಗಿ ಗುರುತಿಸಿತು: ರೂಢಿಯ ರೂಪಕವನ್ನು, ಒಪ್ಪಬಹುದಾದಷ್ಟೂ ಬಲವಾದ ಅರ್ಥದಲ್ಲಿ ತೆಗೆದುಕೊಳ್ಳಿ ಎಂದು ಈ ಪದ ಸೂಚಿಸುತ್ತದೆ.

ಈ ವಿವರಣೆ ಒಂದು ದೊಡ್ಡ ತಪ್ಪು ಗ್ರಹಿಕೆಯನ್ನು ಬಿಡಿಸುತ್ತದೆ. ‘ಲಿಟರಲಿ’ಗೆ ಈಗ ಅದರದೇ ವಿರುದ್ಧಾರ್ಥ ಬಂದಿದೆ, ಅದು ‘ರೂಪಕವಾಗಿ’ ಎಂದಾಗಿದೆ ಎಂದು ಅನೇಕರು ಹೇಳುತ್ತಾರೆ. ಅದು ಸರಿಯಲ್ಲ. ‘ನಗುತ್ತಾ ನಗುತ್ತಾ ಲಿಟರಲಿ ಸತ್ತೇಹೋದೆ’ ಎನ್ನುವ ಹುಡುಗಿಯ ಬಾಯಲ್ಲಿ ‘ರೂಪಕವಾಗಿ ಸತ್ತೇಹೋದೆ’ ಎಂದು ಹಾಕಿ ನೋಡಿ. ಮಾತು ಅಲ್ಲೇ ಕುಸಿಯುತ್ತದೆ. ‘ನಾನು ಹೇಳುತ್ತಿರುವುದು ರೂಪಕ, ಗಮನಿಸಿ’ ಎಂದು ತಿಳಿಸಲು ಈ ಪದವನ್ನು ಯಾರೂ ಬಳಸುವುದಿಲ್ಲ. ರೂಪಕ ಇರುವುದು ‘ಸತ್ತೇಹೋದೆ’ಯಲ್ಲಿ. ‘ಲಿಟರಲಿ’ಯ ಕೆಲಸ ಅದರ ಬಿಸಿ ಹೆಚ್ಚಿಸುವುದು. ಪದ ತನ್ನ ಅರ್ಥವನ್ನು ತಿರುಗುಮುರುಗಾಗಿಸಿಕೊಂಡಿಲ್ಲ, ‘ನಿಜ, ನಂಬಿ’ ಎಂಬ ಹಳೆಯ ಬಲವನ್ನೇ ಭಾವನೆಯ ಸೇವೆಗೆ ಹಚ್ಚಿದೆ.

ನಿಜವೆನ್ನುವ ಪದಗಳ ಪಾಡು

ಇದು ‘ಲಿಟರಲಿ’ಯೊಂದರ ಕತೆಯಲ್ಲ. ಇಂಗ್ಲಿಷಿನ ‘ವೆರಿ’ ಹಳೆಯ ಫ್ರೆಂಚಿನ, ನಿಜ ಎಂಬ ಅರ್ಥದ ಪದದಿಂದ ಬಂದದ್ದು. 14ನೇ ಶತಮಾನದ ಕವಿ ಚಾಸರ್ ಕಾಲದಲ್ಲಿ ‘ವೆರಿ’ ಎಂದರೆ ‘ನಿಜವಾದ’ ಎಂದಾಗುತ್ತಿತ್ತು. ಈಗ ಅದರಲ್ಲಿ ಉಳಿದಿರುವುದು ‘ಬಹಳ’ ಎಂಬಷ್ಟೇ. ‘ರಿಯಲಿ’, ‘ಟ್ರೂಲಿ’, ‘ಆಕ್ಚುಯಲಿ’ ಎಲ್ಲವೂ ವಾಸ್ತವಕ್ಕೆ ಸಾಕ್ಷಿ ಹೇಳುತ್ತಿದ್ದ ಪದಗಳು. ‘ಇನ್‌ಡೀಡ್’ ಮೊದಲು ಎರಡು ಬಿಡಿ ಪದಗಳಾಗಿ, ಮಾತಿನಲ್ಲಷ್ಟೇ ಅಲ್ಲ ಕೃತಿಯಲ್ಲೂ ಎಂಬುದನ್ನು ಸೂಚಿಸುತ್ತಿತ್ತು. ಫ್ರೆಂಚಿನ ‘ಲಿತೆರಾಲ್ಮಾಂ’, ಜರ್ಮನ್‌ನ ‘ಬುಖ್‌ಶ್ಟೆಬ್ಲಿಖ್’ ಎರಡೂ ಅಕ್ಷರ ಎಂಬ ಪದದಿಂದಲೇ ಹುಟ್ಟಿ ಒತ್ತಿನ ಪದಗಳಾಗಿವೆ. ಪದದ ಮೂಲ ಅರ್ಥ ಹೀಗೆ ತೆಳುವಾಗಿ ಒತ್ತು ಮಾತ್ರ ಉಳಿಯುವುದನ್ನು ಭಾಷಾವಿಜ್ಞಾನಿಗಳು ‘ಬ್ಲೀಚಿಂಗ್’ ಎನ್ನುತ್ತಾರೆ, ಬಣ್ಣ ಮಾಸುವುದು ಎಂಬ ಅರ್ಥದಲ್ಲಿ.

ಒತ್ತಿನ ಪದಗಳಿಗೆ ಆಯುಷ್ಯ ಕಡಿಮೆ. ಖಾರ ತಿಂದು ತಿಂದು ನಾಲಿಗೆ ಒಗ್ಗಿದವರಿಗೆ ಇನ್ನೊಂದು ಮೆಣಸಿನಕಾಯಿ ಬೇಕಾಗುವ ಹಾಗೆ, ಕೇಳಿ ಕೇಳಿ ಚುರುಕು ಕಳೆದ ಪದದ ಜಾಗಕ್ಕೆ ಹೊಸದು ಬೇಕಾಗುತ್ತದೆ. ಭಾಷಾವಿಜ್ಞಾನಿಗಳಾದ ರಿಕಾ ಇಟೊ ಮತ್ತು ಸಾಲಿ ಟ್ಯಾಗ್ಲಿಯಾಮಾಂಟೆ ಇಂಗ್ಲೆಂಡಿನ ಯಾರ್ಕ್ ನಗರದ ಜನರ ಮಾತಿನ ಬಗ್ಗೆ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಿರಿಯರ ಬಾಯಲ್ಲಿ ‘ವೆರಿ’ ಹೆಚ್ಚಾಗಿಯೂ ಕಿರಿಯರ ಬಾಯಲ್ಲಿ ‘ರಿಯಲಿ’ ಮುಂದಾಗಿಯೂ ಕಂಡಿತು. ಒಂದೇ ಊರಿನ ಒಂದೇ ಬೀದಿಯಲ್ಲಿ ತಲೆಮಾರಿನ ಗೆರೆಯನ್ನು ಒಂದು ಕ್ರಿಯಾವಿಶೇಷಣ ಎಳೆದಿತ್ತು.

ಈ ಗೆರೆಯ ಆಚೆ ನಿಂತು ಬಯ್ಯುವುದೂ ಹಳೆಯ ಅಭ್ಯಾಸವೇ. 1754ರ ಡಿಸೆಂಬರ್‌ನಲ್ಲಿ ರಾಜಕಾರಣಿ ಲಾರ್ಡ್ ಚೆಸ್ಟರ್‌ಫೀಲ್ಡ್ ಲಂಡನ್ನಿನ ‘ದ ವರ್ಲ್ಡ್’ ವಾರಪತ್ರಿಕೆಯಲ್ಲಿ, ಶ್ರೀಮಂತ ಮನೆಯ ಹೆಂಗಸರು ‘ವಾಸ್ಟ್ಲಿ’ ಎಂಬ ಪದವನ್ನು ಎಲ್ಲದಕ್ಕೂ ಹಚ್ಚುತ್ತಾರೆಂದು ಹಂಗಿಸಿದರು. ವಿಶಾಲ ಎಂಬ ಅರ್ಥದ ಆ ಪದವನ್ನು ಪುಟ್ಟ ನಶ್ಯದ ಡಬ್ಬಿಯ ಚಿಕ್ಕತನಕ್ಕೂ ಬಳಸುತ್ತಾರೆ ಎಂಬುದು ಅವರ ದೂರು. ಅಂದು ‘ವಾಸ್ಟ್ಲಿ’ಗೆ ಬಿದ್ದ ಏಟು ಇಂದು ‘ಲಿಟರಲಿ’ಗೆ ಬೀಳುತ್ತಿದೆ. ಅಂದೂ ಇಂದೂ ಏಟು ತಿನ್ನುವವರು ಹೆಂಗಸರು, ಹರೆಯದವರು. ಜಾಯ್ಸ್ ಬರೆದ ಲಿಲಿಯೂ ಹೆಚ್ಚು ಓದದ, ದುಡಿಯುವ ಹುಡುಗಿಯೇ. ಕಟ್ಟುನಿಟ್ಟಿನ ಭಾಷೆಯ ಹೆಸರಿನಲ್ಲಿ ನಾವು ಬಹಳ ಸಲ ತಿದ್ದುವುದು ವಾಕ್ಯವನ್ನಲ್ಲ, ಮನುಷ್ಯರನ್ನು. ಇಂಗ್ಲಿಷ್ ಬಲ್ಲವರು ಬಾರದವರನ್ನು ಅಳೆಯುವ ನಮ್ಮ ನಾಡಿನಲ್ಲಿ ಇದನ್ನು ಇನ್ನೂ ಎಚ್ಚರದಿಂದ ನೆನಪಿಡಬೇಕು.

ಕನ್ನಡದ ಒತ್ತು

ಕನ್ನಡಿಗರಿಗೆ ಈ ಚರಿತ್ರೆ ಪರಕೀಯವಲ್ಲ. ‘ಅಕ್ಷರಶಃ’ ಎಂಬ ಸಂಸ್ಕೃತ ಪದದ ಅರ್ಥ ಅಕ್ಷರ ಅಕ್ಷರವಾಗಿ ಎಂದು. ‘ಲಿಟರಲಿ’ಯ ನಿಖರ ಜೋಡಿ. ನಮ್ಮ ಪತ್ರಿಕೆಗಳಲ್ಲಿ ಅದು ಹಿಡಿದ ದಾರಿಯೂ ಅದೇ. ಜಾತ್ರೆಯ ದಿನ ಊರು ಅಕ್ಷರಶಃ ಜನಸಾಗರವಾಗುತ್ತದೆ, ಸಭೆ ಅಕ್ಷರಶಃ ರಣರಂಗವಾಗುತ್ತದೆ, ಮಳೆಗೆ ರಸ್ತೆ ಅಕ್ಷರಶಃ ಹೊಳೆಯಾಗುತ್ತದೆ.

ಉಳಿದ ಪದಗಳನ್ನೂ ನೋಡಿ. ‘ಸಾಕ್ಷಾತ್’ ಎಂದರೆ ಕಣ್ಣೆದುರೇ ಎಂದು. ‘ಸಾಕ್ಷಾತ್ ಲಕ್ಷ್ಮಿಯೇ ಬಂದಂತಾಯಿತು’ ಎನ್ನುವಾಗ ಅದು ಒತ್ತು. ಧಾರವಾಡದ ಕಡೆಯ ‘ಖರೇನ’ ನಿಜಕ್ಕೆ ಸಾಕ್ಷಿಯೂ ಹೌದು, ಮಾತಿಗೆ ಒಗ್ಗರಣೆಯೂ ಹೌದು. ‘ಖಂಡಿತ’ ಮೂಲದಲ್ಲಿ ಕತ್ತರಿಸಿದ್ದು. ಕತ್ತರಿಸಿದಂತೆ ತೀರ್ಮಾನವಾದದ್ದು ಎಂಬಲ್ಲಿಂದ ಅದು ನಿಶ್ಚಯದ ಪದವಾಯಿತು. ‘ತುಂಬಾ’ ತುಂಬುವುದರಿಂದ, ‘ಭಾರಿ’ ಭಾರದಿಂದ, ಬೆಂಗಳೂರಿನ ‘ಸಖತ್’ ಗಟ್ಟಿ ಎಂಬ ಅರ್ಥದ ಫಾರಸಿ ಪದದಿಂದ ಬಂದವು. ‘ಭಯಂಕರ ಚೆನ್ನಾಗಿದೆ’ ಎನ್ನುವಾಗ ಯಾರಿಗೂ ಭಯವಾಗುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಉದಾಹರಣೆ ಆಣೆ. ‘ದೇವರಾಣೆ’, ‘ಅಮ್ಮನಾಣೆ’ ಎಂದರೆ ಒಂದು ಕಾಲಕ್ಕೆ ಎದೆ ನಡುಗುತ್ತಿತ್ತು. ಈಗ ‘ಅಮ್ಮನಾಣೆ ಸಕ್ಕರೆ ಹಾಕಿದ್ದೀನಿ’ ಎಂದು ಕಾಫಿಯ ವಿಷಯಕ್ಕೂ ಬರುತ್ತದೆ.

ಇವುಗಳ ಜೊತೆಗೆ, ಬೇರೆ ಪದವನ್ನು ಸಾಲ ತರದೆ ಒತ್ತು ಕೊಡುವ ದಾರಿಗಳೂ ಕನ್ನಡಕ್ಕಿವೆ. ಶಾಲೆಯಲ್ಲಿ ಕಲಿತ ದ್ವಿರುಕ್ತಿಯನ್ನು ನೆನಪಿಸಿಕೊಳ್ಳಿ: ಬಟ್ಟಬಯಲು, ತುತ್ತತುದಿ, ನಟ್ಟನಡುವೆ, ಕಟ್ಟಕಡೆ, ಮೊತ್ತಮೊದಲು. ಪದ ತನ್ನ ಮೊದಲ ಅಕ್ಷರವನ್ನೇ ಇಮ್ಮಡಿಸಿ ತನಗೆ ತಾನೇ ಬಲ ತಂದುಕೊಳ್ಳುತ್ತದೆ. ‘ಅವನು ಬಂದ’ ಎನ್ನುವುದಕ್ಕೂ ‘ಅವನೇ ಬಂದ’ ಎನ್ನುವುದಕ್ಕೂ ನಡುವೆ ಇರುವುದು ಒಂದು ಏಕಾರ. ಆ ಏಕಾರಕ್ಕೆ ಇಂಗ್ಲಿಷಿನಲ್ಲಿ ಕೆಲವೊಮ್ಮೆ ಮೂರು ಪದ ಬೇಕಾಗುತ್ತದೆ. ‘ಕಣ್ಣಾರೆ ಕಂಡೆ’, ‘ಕಿವಿಯಾರೆ ಕೇಳಿದೆ’ ಎಂಬಲ್ಲಿ ಒತ್ತಿನ ಜೊತೆಗೆ ಸಾಕ್ಷಿಯೂ ಇದೆ: ನನಗೆ ಗೊತ್ತಾದದ್ದು ಯಾವ ದಾರಿಯಿಂದ ಎಂದು ಮಾತೇ ಹೇಳುತ್ತದೆ.

ಎಲ್ಲಿ ಜೋಪಾನ

ಹಾಗಾದರೆ ಯಾರು ಹೇಗೆ ಬಳಸಿದರೂ ಸರಿಯೇ? ಮಾತಿನಲ್ಲಿ ಸರಿ, ಕತೆಯಲ್ಲಿ ಸರಿ. ಗೆಳೆಯರ ನಡುವೆ ‘ಲಿಟರಲಿ ಅಳು ಬಂತು ಕಣೋ’ ಎಂಬ ಮಾತನ್ನು ತಿದ್ದಹೊರಡುವುದು ಆ ಅಳುವನ್ನು ಕೇಳಿಸಿಕೊಳ್ಳದೆ ಹೋಗುವುದು. ಆದರೆ ಮಾತನ್ನು ಅದರ ಅಕ್ಷರದ ಮೇಲೆಯೇ ನಂಬಬೇಕಾದ ಜಾಗಗಳೂ ಇವೆ. ನ್ಯಾಯಾಲಯಗಳು ಕಾನೂನಿನ ಪದಗಳಿಗೆ ಅಕ್ಷರಾರ್ಥವನ್ನೇ ಹಿಡಿಯಬೇಕೇ, ಉದ್ದೇಶವನ್ನೂ ನೋಡಬೇಕೇ ಎಂದು ಇಂದಿಗೂ ತೂಗುತ್ತವೆ. ‘ಎದೆ ಒಡೆದುಹೋಯಿತು’ ಎಂಬ ಮಾತನ್ನು ವೈದ್ಯರ ಮುಂದೆ ಬೇರೆಯಾಗಿ ಹೇಳಬೇಕಾಗುತ್ತದೆ. ಟಿಂಡೇಲ್ ಪ್ರಾಣ ಕೊಟ್ಟು ಕಾಪಾಡಿದ ಅರ್ಥ ಅಲ್ಲಿ ಜೀವಂತವಾಗಿದೆ.

ಸುದ್ದಿಯೂ ಅಂಥ ಜಾಗ. ‘ನೆರೆಯಿಂದ ಆ ಕುಟುಂಬ ಅಕ್ಷರಶಃ ಬೀದಿಗೆ ಬಿದ್ದಿದೆ’ ಎಂಬ ವಾಕ್ಯವನ್ನು ತೆಗೆದುಕೊಳ್ಳಿ. ಬೀದಿಗೆ ಬೀಳುವುದು ಕನ್ನಡದಲ್ಲಿ ಗತಿಗೆಡುವುದಕ್ಕೆ ರೂಢಿಯ ಮಾತು. ಈ ಮನೆಯವರು ಸಾಲಕ್ಕೆ ಸಿಕ್ಕಿದ್ದಾರೆಯೇ, ಅಥವಾ ಇವತ್ತು ರಾತ್ರಿ ಬೀದಿಯಲ್ಲೇ ಮಲಗುತ್ತಾರೆಯೇ? ‘ಅಕ್ಷರಶಃ’ ಎಂಬ ಪದ ಇರುವುದೇ ಈ ಎರಡನ್ನು ಬೇರ್ಪಡಿಸಲು. ಜನಸಾಗರಕ್ಕೂ ರಣರಂಗಕ್ಕೂ ಅದನ್ನು ಹಚ್ಚಿ ಹಚ್ಚಿ ಓದುಗರ ಕಿವಿಯನ್ನು ನಾವೇ ಮಂದ ಮಾಡಿರುತ್ತೇವೆ. ಹಾಗಾಗಿ ಅಗತ್ಯ ಬಿದ್ದ ದಿನ ಅದು ಕೆಲಸಕ್ಕೆ ಬರುವುದಿಲ್ಲ. ಬಿಯರ್ಸ್ ಸಿಟ್ಟಿನಲ್ಲಿದ್ದ ನಿಜ ಇದು. ಮಾತಾಡುವವರನ್ನು ಹಂಗಿಸುವುದು ತಪ್ಪು. ಬರೆಯುವವರು ತಮ್ಮನ್ನು ತಾವು ಹಿಡಿತದಲ್ಲಿಟ್ಟುಕೊಳ್ಳುವುದು ಕರ್ತವ್ಯ.

ಒತ್ತು ಬೇಕೆನಿಸಿದಾಗ ವಿವರ ಕೊಡುವುದು ಇದಕ್ಕಿರುವ ದಾರಿ. ‘ಗೋಡೆ ಕುಸಿದ ದಿನದಿಂದ ಗಂಡ, ಹೆಂಡತಿ, ಇಬ್ಬರು ಮಕ್ಕಳು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಮಲಗುತ್ತಿದ್ದಾರೆ’ ಎಂದು ಬರೆದರೆ ಯಾವ ಕ್ರಿಯಾವಿಶೇಷಣವೂ ಬೇಕಿಲ್ಲ. ಓದಿದ ಅಧಿಕಾರಿಗೆ ಏನು ಮಾಡಬೇಕೆಂದು ತಿಳಿಯುತ್ತದೆ, ನೆರವು ಕೊಡುವವರಿಗೆ ಎಲ್ಲಿಗೆ ಹೋಗಬೇಕೆಂದು ತಿಳಿಯುತ್ತದೆ. ಡಿಕನ್ಸ್, ಟ್ವೇನ್ ಪುಟಗಳಲ್ಲೂ ‘ಲಿಟರಲಿ’ ಗೆಲ್ಲುವುದು ಒಂಟಿಯಾಗಿ ಅಲ್ಲ. ಸ್ಮೈಕ್‌ನ ಭಯ, ಟಾಮ್‌ನ ಗೋಲಿ ಮತ್ತು ಗಾಳಿಪಟ ಮೊದಲೇ ಕಣ್ಣಮುಂದೆ ಇರುವುದರಿಂದ ಆ ಪದಕ್ಕೆ ಕಾಲೂರಲು ನೆಲ ಸಿಗುತ್ತದೆ. ವಿವರವಿಲ್ಲದ ಕಡೆ ‘ನಿಜ, ನಂಬಿ’ ಎಂದು ಎಷ್ಟು ಸಲ ಹೇಳಿದರೂ ಅದು ಬರಿಯ ಕೋರಿಕೆ. ನಂಬಿಕೆ ಹುಟ್ಟಿಸುವ ಹೊಣೆ ಬರೆಯುವವರದು. ಅದನ್ನು ಒಂದು ಪದದ ತಲೆಗೆ ಕಟ್ಟಲಾಗದು.